ಪಾತ್ರದೊಳಗಿನ ಮನೆ: ಕುಟುಂಬದ ಸಂಬಂಧಗಳಿಂದ ಕಥಾಪಾತ್ರ ಕಟ್ಟುವ ಸಮಗ್ರ ಮಾರ್ಗದರ್ಶಿ

ಪಾತ್ರದ ಟಿಪ್ಪಣಿ ಬರೆಯುವಾಗ ಕುಟುಂಬದ ಕಾಲಂನಲ್ಲಿ ಸಾಮಾನ್ಯವಾಗಿ ತುಂಬುವುದು ಇಷ್ಟೇ: ತಂದೆ ಕೋಪಿಷ್ಠ, ತಾಯಿ ಮೃದು, ಒಬ್ಬ ತಮ್ಮ ಇದ್ದಾನೆ. ಕಥೆ ಶುರುವಾದ ಮೇಲೆ ಈ ಮಾಹಿತಿ ಯಾವ ಕೆಲಸಕ್ಕೂ ಬರುವುದಿಲ್ಲ. ಮೂರನೇ ಅಧ್ಯಾಯದಲ್ಲಿ ಪಾತ್ರ ಕಿಟಕಿ ಪಕ್ಕ ಕೂತು ಬಾಲ್ಯ ನೆನೆಯುವಾಗ ಒಮ್ಮೆ ಇಣುಕಿ, ಮತ್ತೆ ಮಾಯವಾಗುತ್ತದೆ.

ಕೇಳಬೇಕಾದ ಪ್ರಶ್ನೆ ಬೇರೆ. ಆ ಮನೆಯಲ್ಲಿ ದೊಡ್ಡವರ ಗಮನ ಸಿಗಬೇಕಾದರೆ, ಬೈಗುಳ ತಪ್ಪಬೇಕಾದರೆ, ಮಗು ಏನು ಮಾಡಬೇಕಿತ್ತು? ಅದನ್ನೇ ಬೆಳೆದ ಮೇಲೂ, ಬೇರೆ ಜನರ ನಡುವೆ, ಯಾರೂ ಕೇಳದಿದ್ದರೂ ಮಾಡುತ್ತಾ ಹೋಗುತ್ತದೆ ಪಾತ್ರ. ಮನೆ ಕಲಿಸಿದ ಉಪಾಯ ಹೊರಗೆ ಕೈಕೊಡುವ ಕಡೆ ಕಥೆ ಹುಟ್ಟುತ್ತದೆ. ಮುಂದಿನ ಹಂತಗಳೆಲ್ಲ ಆ ಉಪಾಯವನ್ನು ಹುಡುಕುವುದಕ್ಕೆ, ಅದನ್ನು ದೃಶ್ಯಕ್ಕೆ ಇಳಿಸುವುದಕ್ಕೆ.

ಹಂತ 1: ಇಂದಿನ ಒಂದು ತಪ್ಪು ನಡೆಯಿಂದ ಹಿಂದಕ್ಕೆ ಬನ್ನಿ

ಬಾಲ್ಯದಿಂದ ಶುರು ಮಾಡಿದರೆ ಕಥೆಗೆ ಬೇಡದ ನೂರು ಸಂಗತಿ ಗಂಟುಬೀಳುತ್ತವೆ. ಬದಲಿಗೆ ಕಥೆಯ ವರ್ತಮಾನದಲ್ಲಿ ಪಾತ್ರ ತನಗೇ ಹಾನಿಯಾಗುವಂತೆ ಮಾಡುವ ಒಂದು ಕೆಲಸವನ್ನು ಒಂದೇ ವಾಕ್ಯದಲ್ಲಿ ಬರೆಯಿರಿ. ಕೆಲಸ ಕಣ್ಣಿಗೆ ಕಾಣುವಂಥದ್ದಾಗಿರಬೇಕು. ‘ಆತ್ಮವಿಶ್ವಾಸ ಕಡಿಮೆ’ ಎಂಬುದು ಕಾಣುವುದಿಲ್ಲ. ‘ಸಭೆಯಲ್ಲಿ ತನ್ನ ಲೆಕ್ಕವೇ ಸರಿಯಿದ್ದರೂ ಕ್ಷಮೆ ಕೇಳುತ್ತಾನೆ’ ಎಂಬುದು ಕಾಣುತ್ತದೆ. ಅದೇ ಜಾಗದಲ್ಲಿ ಇನ್ನೊಬ್ಬರು ಬೇರೆ ಥರ ನಡೆದುಕೊಳ್ಳುತ್ತಿದ್ದರು ಅನ್ನಿಸಬೇಕು. ಮುಖ್ಯವಾಗಿ, ಪಾತ್ರದ ಮಟ್ಟಿಗೆ ಅದು ತಪ್ಪೆಂದು ಅನ್ನಿಸಲೇಬಾರದು.

ಈ ಲೇಖನದುದ್ದಕ್ಕೂ ಒಂದೇ ಉದಾಹರಣೆ ಇಟ್ಟುಕೊಳ್ಳೋಣ. 38 ವರ್ಷದ ಹೆಂಗಸು. ಮೆಟ್ಟಿಲಲ್ಲಿ ಜಾರಿ ಮಣಿಕಟ್ಟು ಮುರಿದುಕೊಂಡಿದ್ದಾಳೆ. ಯಾರಿಗೂ ಹೇಳದೆ ದುಪಟ್ಟಾದಲ್ಲಿ ಕೈ ಸುತ್ತಿಕೊಂಡು ಮಧ್ಯಾಹ್ನದವರೆಗೂ ಕಚೇರಿಯ ಕೆಲಸ ಮುಗಿಸುತ್ತಾಳೆ. ಗಂಡ ಸಂಜೆ ನೋಡಿ ಗಾಬರಿಯಾದರೆ, ಅವನನ್ನೇ ಸಮಾಧಾನ ಮಾಡುತ್ತಾಳೆ.

ಈಗ ಮೂರು ಪ್ರಶ್ನೆ. ನೋವನ್ನು ಅಡಗಿಸುವುದು ಯಾವ ಮನೆಯಲ್ಲಿ ಜಾಣತನವಾಗಿತ್ತು? ಅಡಗಿಸಿದ್ದಕ್ಕೆ ಅಲ್ಲಿ ಏನು ಸಿಗುತ್ತಿತ್ತು? ಅಡಗಿಸದಿದ್ದರೆ ಯಾರಿಗೆ ಏನಾಗುತ್ತಿತ್ತು? ಇವಳ ಉತ್ತರ: ಅಣ್ಣನಿಗೆ ಬಾಲ್ಯದಲ್ಲಿ ದೀರ್ಘ ಕಾಯಿಲೆ. ತಾಯಿ ವಾರಗಟ್ಟಲೆ ಆಸ್ಪತ್ರೆಯಲ್ಲಿ. ತಂದೆ ಖರ್ಚು ಸರಿದೂಗಿಸಲು ಎರಡು ಪಾಳಿ ದುಡಿಯುತ್ತಾನೆ. ಮನೆಯಲ್ಲಿ ಅಜ್ಜಿ. ಬಂದುಹೋಗುವವರ ಮುಂದೆ ಅಜ್ಜಿ ಹೆಮ್ಮೆಯಿಂದ ಹೇಳುತ್ತಿದ್ದ ಮಾತು: ‘ಇವಳದ್ದೇನೂ ಚಿಂತೆಯಿಲ್ಲ.’

ಗಮನಿಸಿ, ಇಲ್ಲಿ ಕೆಟ್ಟವರು ಯಾರೂ ಇಲ್ಲ. ಪಾತ್ರಕ್ಕೊಂದು ಗಾಯ ಬೇಕೆಂದರೆ ಕುಡುಕ ತಂದೆಯನ್ನೋ ಕ್ರೂರಿ ತಾಯಿಯನ್ನೋ ತರಬೇಕೆಂಬುದು ಬರವಣಿಗೆಯ ಸುಲಭ ಹಾದಿ. ಒಳ್ಳೆಯವರೇ ಇರುವ ಮನೆಯಲ್ಲಿ ಗಮನ ಎಲ್ಲರಿಗೂ ಸಾಲದೆ ಹೋದಾಗ ಆಗುವ ನಷ್ಟವನ್ನು ಬರೆಯುವುದು ಹೆಚ್ಚು ಕಷ್ಟ, ಓದುವವರಿಗೆ ಹೆಚ್ಚು ಹತ್ತಿರ.

ಹಂತ 2: ನಕ್ಷೆ ಬರೆದು ವಯಸ್ಸು ಲೆಕ್ಕ ಹಾಕಿ

ಕುಟುಂಬ ಚಿಕಿತ್ಸಕರು ಬಳಸುವ ಜೀನೋಗ್ರಾಂ ಎಂಬ ನಕ್ಷೆ ಕಥೆಗಾರರಿಗೂ ಹೇಳಿಮಾಡಿಸಿದ್ದು. ಗಂಡಿಗೆ ಚೌಕ, ಹೆಣ್ಣಿಗೆ ವೃತ್ತ, ತೀರಿಕೊಂಡವರ ಮೇಲೆ ಗುಣಾಕಾರದ ಗುರುತು. ದಂಪತಿಯನ್ನು ಅಡ್ಡಗೆರೆಯಿಂದ ಸೇರಿಸಿ, ಮಕ್ಕಳನ್ನು ಎಡದಿಂದ ಬಲಕ್ಕೆ ಹುಟ್ಟಿದ ಕ್ರಮದಲ್ಲಿ ಕೆಳಗೆ ಇಳಿಸಿ. ಮೂರು ತಲೆಮಾರು ಸಾಕು. ಆಮೇಲೆ ಸಂಬಂಧದ ಗೆರೆಗಳು: ಜಗಳವಿರುವಲ್ಲಿ ಅಂಕುಡೊಂಕು ಗೆರೆ, ದೂರವಿರುವಲ್ಲಿ ಚುಕ್ಕಿಗೆರೆ, ಉಸಿರುಗಟ್ಟುವಷ್ಟು ಹತ್ತಿರವಿರುವಲ್ಲಿ ಜೊತೆಜೊತೆಗೆ ಮೂರು ಗೆರೆ, ಮಾತೇ ನಿಂತಿದ್ದರೆ ನಡುವೆ ತುಂಡಾದ ಗೆರೆ.

ಐದು ಜನರ ಮನೆಯಲ್ಲಿ ಹತ್ತು ಜೋಡಿ ಸಂಬಂಧಗಳಿರುತ್ತವೆ. ಆರನೆಯವರು ಸೇರಿದರೆ ಹದಿನೈದು. ನಕ್ಷೆಯಲ್ಲಿ ಪ್ರತಿ ಜೋಡಿಗೂ ಒಂದು ಗೆರೆ ಎಳೆಯಲು ಹೊರಟಾಗ ನೀವು ಯೋಚಿಸದೇ ಬಿಟ್ಟ ಜೋಡಿಗಳು ತಾವಾಗಿ ಕಾಣುತ್ತವೆ. ಹೆಚ್ಚಿನ ಕರಡುಗಳಲ್ಲಿ ನಾಯಕಿಗೆ ಪ್ರತಿಯೊಬ್ಬರ ಜೊತೆ ಸಂಬಂಧವಿರುತ್ತದೆ. ಉಳಿದವರಿಗೆ ಪರಸ್ಪರ ಏನೂ ಇರುವುದಿಲ್ಲ. ನಮ್ಮ ಉದಾಹರಣೆಯಲ್ಲಿ ತಾಯಿಗೂ ಅಜ್ಜಿಗೂ ನಡುವಿನ ಗೆರೆ ಯಾವುದು? ಅತ್ತೆಯ ಕೈಯಲ್ಲಿ ಮಗಳನ್ನು ಬಿಟ್ಟು ಹೋಗಬೇಕಾದ ಸೊಸೆ ಅವಳು. ಆ ಒಂದು ಗೆರೆಯಿಂದಲೇ ಒಂದು ಅಧ್ಯಾಯ ಹೊರಡಬಹುದು.

ನಕ್ಷೆಗಿಂತ ಹೆಚ್ಚು ಫಲ ಕೊಡುವುದು ವಯಸ್ಸಿನ ಪಟ್ಟಿ. ಅಡ್ಡಸಾಲಿನಲ್ಲಿ ಮನೆಯವರು, ಉದ್ದಸಾಲಿನಲ್ಲಿ ಘಟನೆಗಳು. ಪ್ರತಿ ಘಟನೆಯ ಎದುರು ಅಂದು ಯಾರಿಗೆ ಎಷ್ಟು ವಯಸ್ಸು ಎಂದು ಬರೆಯಿರಿ. ಈಗ ತಾಯಿಗೆ 67, ಅಣ್ಣನಿಗೆ 42, ತಂಗಿಗೆ 38, ತಂಗಿಯ ಮಗನಿಗೆ 7. ಅಣ್ಣನ ಕಾಯಿಲೆ ಅವನ 9ರಿಂದ 12ನೇ ವಯಸ್ಸಿನವರೆಗೆ. ಹಾಗಾದರೆ ತಂಗಿಗೆ ಆಗ 5ರಿಂದ 8. ತಾಯಿಗೆ 34ರಿಂದ 37. ಲೆಕ್ಕ ಇಲ್ಲಿಗೆ ಬಂದಾಗ ಎರಡು ಸಂಗತಿ ತಾವಾಗಿ ಎದ್ದು ಕಾಣುತ್ತವೆ. ಇವಳು ಈಗ ಅಂದಿನ ತಾಯಿಗಿಂತ ದೊಡ್ಡವಳು. ಇವಳ ಮಗ ಈಗ ಅಂದಿನ ಇವಳದೇ ವಯಸ್ಸಿನಲ್ಲಿದ್ದಾನೆ. ಕಥೆ ಈ ವರ್ಷವೇ ಏಕೆ ನಡೆಯಬೇಕು ಎಂಬುದಕ್ಕೆ ಇದಕ್ಕಿಂತ ಬಲವಾದ ಕಾರಣ ಬೇಕಿಲ್ಲ.

ಪಟ್ಟಿ ಇಲ್ಲದಿದ್ದರೆ ಆಗುವ ಸಾಮಾನ್ಯ ಎಡವಟ್ಟೆಂದರೆ ನೆನಪಿನದು. ಮೂರು, ಮೂರೂವರೆ ವರ್ಷಕ್ಕೆ ಮೊದಲಿನ ಘಟನೆಗಳು ದೊಡ್ಡವರಾದ ಮೇಲೆ ಸಾಮಾನ್ಯವಾಗಿ ನೆನಪಿರುವುದಿಲ್ಲ. ಎರಡು ವರ್ಷದವಳಿದ್ದಾಗ ತಂದೆ ಮನೆ ಬಿಟ್ಟುಹೋದ ದೃಶ್ಯವನ್ನು ಪಾತ್ರ ಅಂಗಿಯ ಬಣ್ಣದ ಸಮೇತ ನೆನೆಸಿಕೊಂಡರೆ ಓದುಗ ನಂಬುವುದಿಲ್ಲ. ಆದರೆ ಅದನ್ನು ಬೇರೆಯವರ ಬಾಯಿಂದ ಕೇಳಿ ಕೇಳಿ ತನ್ನದೇ ನೆನಪು ಮಾಡಿಕೊಂಡಿದ್ದಾಳೆ ಎಂದರೆ ನಂಬುತ್ತಾನೆ. ಆ ಕಥೆಯನ್ನು ಮನೆಯಲ್ಲಿ ಯಾರು ಹೇಳುತ್ತಿದ್ದರು, ಹೇಳುವಾಗ ಏನನ್ನು ಬಿಡುತ್ತಿದ್ದರು ಎಂಬ ಇನ್ನೊಂದು ಬಾಗಿಲೂ ತೆರೆಯುತ್ತದೆ.

ಹಂತ 3: ಮನೆಯ ಹೇಳದ ನಿಯಮಗಳು

ಪ್ರತಿ ಮನೆಯಲ್ಲೂ ಯಾರೂ ಬಾಯಿಬಿಟ್ಟು ಹೇಳದ, ಎಲ್ಲರೂ ಪಾಲಿಸುವ ಕೆಲವು ನಿಯಮಗಳಿರುತ್ತವೆ. ಐದನ್ನು ಬರೆಯಿರಿ. ಹಣದ ಬಗ್ಗೆ ಒಂದು, ಕೋಪದ ಬಗ್ಗೆ ಒಂದು, ಅಳುವಿನ ಬಗ್ಗೆ ಒಂದು, ಹೊರಗಿನವರ ಬಗ್ಗೆ ಒಂದು, ಹೊಗಳಿಕೆಯ ಬಗ್ಗೆ ಒಂದು. ಪ್ರತಿಯೊಂದರ ಪಕ್ಕದಲ್ಲಿ ಅದನ್ನು ಮುರಿದಾಗ ಸಿಗುತ್ತಿದ್ದ ಶಿಕ್ಷೆ. ಶಿಕ್ಷೆ ಎಂದರೆ ಹೊಡೆತವೇ ಆಗಬೇಕಿಲ್ಲ. ತಾಯಿ ಒಂದು ಕ್ಷಣ ಕಣ್ಣು ಮುಚ್ಚಿ ತೆರೆಯುವುದು, ತಂದೆ ಪತ್ರಿಕೆ ಮಡಿಸಿ ಎದ್ದುಹೋಗುವುದು, ಎರಡು ದಿನ ಮಾತು ಬಿಡುವುದು. ಇವು ಹೊಡೆತಕ್ಕಿಂತ ಹೆಚ್ಚು ಕಾಲ ಪಾತ್ರದೊಳಗೆ ಉಳಿಯುತ್ತವೆ, ದೃಶ್ಯದಲ್ಲಿ ಹೆಚ್ಚು ಚೆನ್ನಾಗಿ ಕೆಲಸ ಮಾಡುತ್ತವೆ.

ನಮ್ಮ ತಂಗಿಯ ಮನೆಯ ನಿಯಮಗಳಲ್ಲಿ ಮೂರು: ತಾಯಿ ಮನೆಯಲ್ಲಿರುವ ದಿನ ಯಾರೂ ಅಳಬಾರದು. ಶಾಲೆಯಿಂದ ಬಂದ ಚೀಟಿಯನ್ನು ಅಜ್ಜಿಗೆ ತೋರಿಸಬೇಕು, ತಂದೆಗಲ್ಲ. ‘ಏನು ಬೇಕು?’ ಎಂದು ಕೇಳಿದರೆ ಸರಿಯಾದ ಉತ್ತರ ‘ಏನಾದರೂ ಸರಿ’. ಮೂರನೆಯದು ಇಂದಿಗೂ ಜಾರಿಯಲ್ಲಿದೆ. ಮದುವೆಯಾಗಿ ಇಷ್ಟು ವರ್ಷವಾದರೂ ಗಂಡನಿಗೆ ಅವಳ ಇಷ್ಟದ ಬಣ್ಣ ಯಾವುದೆಂದು ಗೊತ್ತಿಲ್ಲ. ಅವನು ಅಸಡ್ಡೆಯವನಲ್ಲ, ಕೇಳಿ ಕೇಳಿ ಸೋತವನು.

ಮಗು ದೊಡ್ಡವರ ಜವಾಬ್ದಾರಿ ಹೊರುವ ಸ್ಥಿತಿಯನ್ನು ಬರೆಯುವುದಿದ್ದರೆ ಅದರಲ್ಲಿ ಎರಡು ಬಗೆಯಿರುವುದನ್ನು ಮರೆಯಬೇಡಿ. ಒಂದು ಕೆಲಸದ್ದು: ತಮ್ಮನಿಗೆ ಸ್ನಾನ ಮಾಡಿಸುವುದು, ಬಿಲ್ಲು ಕಟ್ಟುವುದು. ಇನ್ನೊಂದು ಮನಸ್ಸಿನದ್ದು: ತಾಯಿಯ ಗೋಳು ಕೇಳುವುದು, ತಂದೆತಾಯಿಯ ನಡುವೆ ರಾಜಿ ಮಾಡಿಸುವುದು. ಮೊದಲನೆಯದರಿಂದ ಬೆಳೆದ ಪಾತ್ರ ಚಟುವಟಿಕೆಯಲ್ಲಿ ಗಟ್ಟಿ, ವಿಶ್ರಾಂತಿ ತೆಗೆದುಕೊಳ್ಳಲು ಬಾರದು. ಎರಡನೆಯದರಿಂದ ಬೆಳೆದ ಪಾತ್ರ ಕೋಣೆಗೆ ಕಾಲಿಟ್ಟ ಕೂಡಲೇ ಯಾರ ಮುಖ ಸಪ್ಪಗಿದೆ ಎಂದು ನೋಡುತ್ತದೆ. ಎರಡನ್ನೂ ‘ಜವಾಬ್ದಾರಿಯುತ ಹುಡುಗಿ’ ಎಂಬ ಒಂದೇ ಹಣೆಪಟ್ಟಿಯಲ್ಲಿ ಮುಗಿಸಿದರೆ ಪಾತ್ರ ಮಂಕಾಗುತ್ತದೆ.

ಎಳೆಯ ಮಕ್ಕಳು ಮತ್ತು ಪೋಷಕರ ನಂಟಿನ ಬಗ್ಗೆ ಮನೋವೈದ್ಯ ಜಾನ್ ಬೌಲ್ಬಿ ಮತ್ತು ಮನೋವಿಜ್ಞಾನಿ ಮೇರಿ ಐನ್ಸ್‌ವರ್ತ್ ಮಾಡಿದ ಕೆಲಸದಿಂದ ಕಥೆಗಾರರು ಎತ್ತಿಕೊಳ್ಳಬೇಕಾದ ಅಂಶ ಒಂದಿದೆ. ಐನ್ಸ್‌ವರ್ತ್ ರೂಪಿಸಿದ ಪ್ರಯೋಗದಲ್ಲಿ ವರ್ಷ, ಒಂದೂವರೆ ವರ್ಷದ ಮಗುವನ್ನು ಬಿಟ್ಟು ತಾಯಿ ಕೆಲವು ನಿಮಿಷ ಹೊರಹೋಗಿ ಮರಳುತ್ತಾಳೆ. ಕೆಲವು ಮಕ್ಕಳು ಅತ್ತು, ತಾಯಿ ಬಂದ ಕೂಡಲೇ ಸಮಾಧಾನಗೊಳ್ಳುತ್ತವೆ. ಕೆಲವು ತಾಯಿ ಬಂದರೂ ಸಮಾಧಾನಗೊಳ್ಳದೆ ಸಿಟ್ಟಿನಲ್ಲಿ ಅಂಟಿಕೊಳ್ಳುತ್ತವೆ. ಇನ್ನು ಕೆಲವು ಏನೂ ಆಗಿಲ್ಲವೆಂಬಂತೆ ಆಟಿಕೆಯತ್ತ ತಿರುಗುತ್ತವೆ. ಈ ಕೊನೆಯ ಗುಂಪಿನ ಮಕ್ಕಳ ಎದೆಬಡಿತವನ್ನು ಮುಂದೆ ಅಳೆದು ನೋಡಿದಾಗ ಅದು ಏರಿಯೇ ಇತ್ತು. ಹೊರಗೆ ಶಾಂತ, ಒಳಗೆ ಓಟ. ‘ಅವಳು ನಿರ್ಲಿಪ್ತಳಾಗಿದ್ದಳು’ ಎಂದು ಬರೆದು ಮುಂದೆ ಹೋಗುವ ಬದಲು, ಕೈಯಲ್ಲಿರುವ ಪೆನ್ನಿನ ಮುಚ್ಚಳವನ್ನು ಹತ್ತು ಸಲ ಹಾಕಿ ತೆಗೆಯುವ ನಿರ್ಲಿಪ್ತತೆಯನ್ನು ಬರೆಯಿರಿ.

ಹಂತ 4: ಒಂದೇ ಸೂರು, ಬೇರೆ ಬೇರೆ ಮನೆ

ಹಿರಿಯ ಮಗ ಜವಾಬ್ದಾರಿಯವನು, ನಡುವಿನವಳು ರಾಜಿಯವಳು, ಕಿರಿಯವನು ತುಂಟ. ಈ ಅಚ್ಚನ್ನು ನಂಬಬೇಡಿ. 2015ರಲ್ಲಿ ಪ್ರಕಟವಾದ, ಮೂರು ದೇಶಗಳ 20,000ಕ್ಕೂ ಹೆಚ್ಚು ಜನರ ಮಾಹಿತಿ ಆಧರಿಸಿದ ಅಧ್ಯಯನವೊಂದರಲ್ಲಿ ಹುಟ್ಟಿದ ಕ್ರಮಕ್ಕೂ ಬಹಿರ್ಮುಖತೆ, ಸೌಮ್ಯತೆ, ಶಿಸ್ತಿನಂಥ ಸ್ವಭಾವಗಳಿಗೂ ನಂಟು ಕಾಣಲಿಲ್ಲ. ಕಥೆಗೆ ಬೇಕಾದದ್ದು ಕ್ರಮಸಂಖ್ಯೆಯಲ್ಲ. ಆ ಮಗು ಬಂದಾಗ ಮನೆ ಯಾವ ಸ್ಥಿತಿಯಲ್ಲಿತ್ತು, ಯಾವ ಜಾಗ ಆಗಲೇ ಭರ್ತಿಯಾಗಿತ್ತು ಎಂಬುದು. ಅಕ್ಕ ‘ಓದುವವಳು’ ಎಂದು ಹೆಸರು ಮಾಡಿದ್ದರೆ ತಂಗಿ ಓದಿನಲ್ಲಿ ಚುರುಕಾಗಿದ್ದರೂ ಆಟಕ್ಕೋ ಹಾಡಿಗೋ ಹೊರಳಬಹುದು. ಒಡಹುಟ್ಟಿದವರು ಒಬ್ಬರಿಂದೊಬ್ಬರು ಬೇರೆಯಾಗಿ ಕಾಣಲು ಹೀಗೆ ಜಾಗ ಹಂಚಿಕೊಳ್ಳುತ್ತಾರೆ.

ಮಾಡಬೇಕಾದ ಅಭ್ಯಾಸ: ಒಂದೇ ಘಟನೆಯನ್ನು ಇಬ್ಬರು ಒಡಹುಟ್ಟಿದವರ ಬಾಯಿಂದ ತಲಾ 150 ಪದಗಳಲ್ಲಿ ಹೇಳಿಸಿ. ಸುಳ್ಳು ಹೇಳಿಸಬೇಡಿ, ಇಬ್ಬರೂ ನಿಜವನ್ನೇ ಹೇಳಲಿ. ಅಣ್ಣನ ಮಟ್ಟಿಗೆ ಆ ಮೂರು ವರ್ಷವೆಂದರೆ ತಾಯಿ ಪಕ್ಕದಲ್ಲೇ ಕೂತು ಕಥೆ ಓದಿ ಹೇಳುತ್ತಿದ್ದ ಕಾಲ. ಅವನ ಬಾಲ್ಯದ ಅತಿ ಬೆಚ್ಚಗಿನ ನೆನಪು ಅದು. ತಂಗಿಯ ಮಟ್ಟಿಗೆ ಅದೇ ಮೂರು ವರ್ಷ ಶಾಲೆಯ ಗೇಟಿನಲ್ಲಿ ಕೊನೆಯವಳಾಗಿ ನಿಲ್ಲುತ್ತಿದ್ದ ಕಾಲ. ಅಣ್ಣನಿಗೆ ಈ ಎರಡನೆಯ ಮನೆ ಇತ್ತೆಂಬುದೇ ಗೊತ್ತಿಲ್ಲ. ‘ಅಮ್ಮ ನಮ್ಮಿಬ್ಬರಿಗೂ ಎಷ್ಟು ಮಾಡಿದಳು’ ಎಂದು ಅವನು ಪ್ರಾಮಾಣಿಕವಾಗಿಯೇ ಹೇಳಿದಾಗ, ಆ ‘ಇಬ್ಬರಿಗೂ’ ಎಂಬ ಮಾತಿನ ಮೇಲೆ ಇಡೀ ದೃಶ್ಯ ನಿಲ್ಲುತ್ತದೆ.

ಹಂತ 5: ಮೂರನೆಯವರನ್ನು ಎಳೆದುತನ್ನಿ

ಕುಟುಂಬ ಚಿಕಿತ್ಸೆಯ ಮುಂಚೂಣಿಯಲ್ಲಿದ್ದ ಅಮೆರಿಕದ ಮನೋವೈದ್ಯ ಮರ್ರಿ ಬೋವೆನ್ (1913–1990) ಹೇಳಿದ ತ್ರಿಕೋನದ ವಿಚಾರ ಕಥೆಗೆ ನೇರವಾಗಿ ಒದಗುತ್ತದೆ. ಇಬ್ಬರ ನಡುವೆ ಬಿಗುವು ಹೆಚ್ಚಾದಾಗ ಅವರು ಅದನ್ನು ತಮ್ಮೊಳಗೇ ಬಗೆಹರಿಸದೆ ಮೂರನೆಯವರನ್ನು ಒಳಗೆ ಎಳೆಯುತ್ತಾರೆ. ಗಂಡಹೆಂಡಿರ ಜಗಳ ಮಗನ ಅಂಕಗಳ ಮೇಲೆ ಬೀಳುತ್ತದೆ. ಅತ್ತೆಯ ಮೇಲಿನ ಸಿಟ್ಟನ್ನು ಸೊಸೆ ಮಗಳ ಕಿವಿಯಲ್ಲಿ ಹೇಳುತ್ತಾಳೆ.

ನಕ್ಷೆಯ ಮೇಲೆ ಐದು ಜನರಿದ್ದರೆ ಹತ್ತು ತ್ರಿಕೋನ ಸಾಧ್ಯ. ಎಲ್ಲವನ್ನೂ ಬರೆಯಲು ಹೋಗಬೇಡಿ. ಕಥೆಗೆ ಒಂದು ಮುಖ್ಯ, ಒಂದು ಪೂರಕ. ಕಾದಂಬರಿಯಾದರೆ ಮೂರು ಅಥವಾ ನಾಲ್ಕು. ಪ್ರತಿ ತ್ರಿಕೋನಕ್ಕೂ ಮೂರು ವಿವರ ಬೇಕು: ಬಿಗುವು ನಿಜವಾಗಿ ಯಾರ ನಡುವೆ, ಎಳೆಯಲ್ಪಟ್ಟವರು ಯಾರು, ಎಳೆಯಲ್ಪಟ್ಟವರಿಗೆ ಅದರಿಂದ ಏನು ಲಾಭ. ಲಾಭದ ಅಂಶವನ್ನು ಬಿಟ್ಟರೆ ಪಾತ್ರ ಬರೀ ಬಲಿಪಶುವಾಗಿ ಉಳಿಯುತ್ತದೆ. ತಾಯಿಯ ಗುಟ್ಟು ಕೇಳುವ ಮಗಳಿಗೆ ಭಾರವೂ ಇದೆ, ತಾನು ಬೇಕಾದವಳು ಎಂಬ ಹಮ್ಮೂ ಇದೆ. ಆ ಹಮ್ಮನ್ನು ಅವಳು ಸುಲಭಕ್ಕೆ ಬಿಡುವುದಿಲ್ಲ.

ಬೋವೆನ್ ಗುರುತಿಸಿದ ಇನ್ನೊಂದು ಸಂಗತಿ ಸಂಬಂಧ ಕಡಿದುಕೊಳ್ಳುವುದರ ಕುರಿತು. ಮನೆಯವರ ಜೊತೆ ಮಾತು ಬಿಟ್ಟು ದೂರ ಹೋದವರು ಬಿಡುಗಡೆ ಪಡೆದಂತೆ ಕಂಡರೂ ಬಗೆಹರಿಯದ್ದನ್ನು ಹೊಸ ಸಂಬಂಧಗಳಿಗೆ ಹೊತ್ತೊಯ್ಯುತ್ತಾರೆ. ಆದ್ದರಿಂದ ‘ಮನೆ ಬಿಟ್ಟು ಬಂದ ನಾಯಕ, ಅವನಿಗೆ ಯಾರೂ ಇಲ್ಲ’ ಎಂದು ಬರೆದರೆ ಕುಟುಂಬದ ಕೆಲಸ ತಪ್ಪಿತು ಎಂದುಕೊಳ್ಳಬೇಡಿ. ಅನಾಥ ನಾಯಕರಿಗೂ ಇದೇ ಮಾತು. ಸಾಕಿದವರು, ಹಾಸ್ಟೆಲಿನ ಹಿರಿಯ ಹುಡುಗ, ಇಲ್ಲದ ತಂದೆಯ ಬಗ್ಗೆ ಕಟ್ಟಿಕೊಂಡ ಕಲ್ಪನೆ, ಇವರೆಲ್ಲ ನಕ್ಷೆಗೆ ಸೇರಬೇಕು.

ಹಂತ 6: ಮನೆಯವರಿಲ್ಲದ ಕಡೆ ಮನೆಯನ್ನು ತೋರಿಸಿ

ಇಡೀ ಕೆಲಸದಲ್ಲಿ ಇದು ಅತಿ ಮುಖ್ಯ, ಹೆಚ್ಚು ಜನ ಬಿಟ್ಟುಬಿಡುವುದೂ ಇದನ್ನೇ. ತಾಯಿ ಬಂದಾಗ ಮಾತ್ರ ತಾಯಿಯ ಪ್ರಭಾವ ಕಂಡರೆ ಅದು ಪ್ರಭಾವವಲ್ಲ, ಭೇಟಿ. ಹುಟ್ಟಿಬೆಳೆದ ಮನೆಯವರು ಯಾರೂ ಇಲ್ಲದ ಕನಿಷ್ಠ ಮೂರು ದೃಶ್ಯಗಳಲ್ಲಿ ಮನೆಯ ಉಪಾಯ ಕೆಲಸ ಮಾಡಬೇಕು: ಒಮ್ಮೆ ಅದರಿಂದ ಲಾಭವಾಗಲಿ, ಒಮ್ಮೆ ಏನೂ ಆಗದಿರಲಿ, ಒಮ್ಮೆ ದೊಡ್ಡ ಹಾನಿಯಾಗಲಿ. ಲಾಭದ ದೃಶ್ಯ ಮೊದಲು ಬಂದರೆ ಪಾತ್ರ ಅದನ್ನು ಏಕೆ ಬಿಡಲೊಲ್ಲದು ಎಂಬುದು ಓದುಗನಿಗೆ ಹೇಳದೆಯೇ ತಿಳಿಯುತ್ತದೆ.

ತಂಗಿಗೆ ಹೊಂದಿಸಿ ನೋಡೋಣ. ಕಚೇರಿಯಲ್ಲಿ ಎಲ್ಲರೂ ತಲೆ ಕೆಡಿಸಿಕೊಂಡ ದಿನ ಅವಳೊಬ್ಬಳು ತಣ್ಣಗೆ ಕೆಲಸ ಮುಗಿಸುತ್ತಾಳೆ, ಬಡ್ತಿ ಸಿಗುತ್ತದೆ. ಗೆಳತಿಯ ಜೊತೆ ಹೋದಾಗ ಕಿಟಕಿಯ ಸೀಟು ಬೇಕೆಂದು ಹೇಳುವುದಿಲ್ಲ. ಯಾರೂ ಗಮನಿಸುವುದೂ ಇಲ್ಲ. ಮೂರನೆಯದು ಮಗನದು. ಮಗನಿಗೆ ಜ್ವರ ಬಂದರೆ ಅವಳಷ್ಟು ಚೆನ್ನಾಗಿ ನೋಡಿಕೊಳ್ಳುವವರಿಲ್ಲ: ರಾತ್ರಿ ಎರಡು ಗಂಟೆಗೊಮ್ಮೆ ಎದ್ದು ಥರ್ಮಾಮೀಟರ್ ನೋಡಿ ಚೀಟಿಯಲ್ಲಿ ಬರೆದಿಡುತ್ತಾಳೆ. ಜ್ವರ ಇಳಿದು ಅವನು ಆಡಲು ಕರೆದಾಗ ಅವಳಿಗೆ ಏನು ಮಾಡಬೇಕೆಂದು ತೋಚುವುದಿಲ್ಲ. ಆರೋಗ್ಯವಾಗಿರುವ ಮಗುವಿನ ಜೊತೆ ತಾಯಿ ಹೇಗಿರುತ್ತಾಳೆ ಎಂಬುದನ್ನು ಅವಳು ನೋಡಿಯೇ ಇಲ್ಲ. ಒಂದು ದಿನ ಮಗ ಚೆನ್ನಾಗಿದ್ದಾಗಲೇ ‘ಅಮ್ಮ, ನನ್ನ ಹಣೆ ಬಿಸಿ ಇದೆ’ ಎನ್ನುತ್ತಾನೆ. ಮೂರನೆಯ ತಲೆಮಾರು ತನ್ನ ಉಪಾಯವನ್ನು ಕಂಡುಕೊಂಡಿತು.

ಹಂತ 7: ಮಾತು

ಮನೆಯವರು ಪರಸ್ಪರ ಗೊತ್ತಿರುವುದನ್ನು ಹೇಳಿಕೊಳ್ಳುವುದಿಲ್ಲ. ‘ನಿನಗೆ ಗೊತ್ತಲ್ಲ, ಅಪ್ಪ ತೀರಿಕೊಂಡು ಆರು ವರ್ಷ ಆಯಿತು’ ಎಂಬ ಸಾಲು ಓದುಗನಿಗಾಗಿ ಬರೆದದ್ದು ಎಂದು ಯಾರಿಗಾದರೂ ಗೊತ್ತಾಗುತ್ತದೆ. ಅದನ್ನು ಜಗಳವಾಗಿಸಿ: ‘ಆರು ವರ್ಷದಿಂದ ಅಪ್ಪನ ಕೋಣೆ ಬೀಗ ತೆಗೆದಿಲ್ಲ ನೀನು.’ ಮಾಹಿತಿ ಅದೇ, ಈಗ ಅದಕ್ಕೊಂದು ಮೊನೆ ಬಂತು.

ಕನ್ನಡದಲ್ಲಿ ಬರೆಯುವವರ ಕೈಯಲ್ಲಿ ಏಕವಚನ ಬಹುವಚನದ ಹತಾರವಿದೆ. ಅಪ್ಪನನ್ನು ‘ನೀನು’ ಎನ್ನುವ ಮನೆಗೂ ‘ನೀವು’ ಎನ್ನುವ ಮನೆಗೂ ಗಾಳಿಯೇ ಬೇರೆ. ಕಥೆಯ ಮೊದಲಲ್ಲೇ ನಿರ್ಧರಿಸಿ, ಕೊನೆತನಕ ತಪ್ಪದೆ ಪಾಲಿಸಿ. ಕಾರಣವಿಲ್ಲದೆ ಬದಲಾದರೆ ಅದು ಕರಡಿನ ತಪ್ಪು. ಕಾರಣವಿಟ್ಟು ಒಮ್ಮೆ ಬದಲಿಸಿದರೆ, ಸದಾ ‘ನೀನು’ ಎನ್ನುತ್ತಿದ್ದ ಅಣ್ಣನಿಗೆ ತಂಗಿ ಜಗಳದ ನಡುವೆ ತಣ್ಣಗೆ ‘ಸರಿ, ನೀವು ಹೇಳಿದಂತೆಯೇ ಆಗಲಿ’ ಎಂದರೆ, ಅರ್ಧ ಪುಟದ ವಿವರಣೆ ಉಳಿಯುತ್ತದೆ.

ಮನೆಯ ನಿಯಮವನ್ನು ಹೊತ್ತ ಒಂದು ವಾಕ್ಯವನ್ನು ಆರಿಸಿ, ಕಥೆಯಲ್ಲಿ ಎರಡು ಅಥವಾ ಮೂರು ಸಲ ಬೇರೆ ಬೇರೆ ಬಾಯಿಂದ ಬರಲಿ. ತಾಯಿ ಬಿದ್ದು ಸೊಂಟ ಮುರಿದುಕೊಂಡಿದ್ದಾಳೆ. ಆಸ್ಪತ್ರೆಯ ಕಾರಿಡಾರಿನಲ್ಲಿ ವೈದ್ಯರು ಮುಂದೆ ಯಾರು ನೋಡಿಕೊಳ್ಳುತ್ತೀರಿ ಎಂದು ಕೇಳುತ್ತಾರೆ.

‘ತಂಗಿ ಇದ್ದಾಳಲ್ಲ,’ ಎಂದ ಅಣ್ಣ. ‘ಅವಳದ್ದೇನೂ ಚಿಂತೆಯಿಲ್ಲ. ನಿಭಾಯಿಸ್ತಾಳೆ.’
ಅವಳು ಪ್ಲಾಸ್ಟರ್ ಹಾಕಿದ ಕೈಯನ್ನು ಬ್ಯಾಗಿನ ಹಿಂದೆ ಸರಿಸಿದಳು.
‘ಹೂಂ,’ ಎಂದಳು.

ಇಲ್ಲಿ ‘ಅವಳಿಗೆ ಅಜ್ಜಿಯ ಮಾತು ನೆನಪಾಯಿತು’ ಎಂಬ ಸಾಲು ಸೇರಿಸುವ ಆಸೆ ಬರುತ್ತದೆ. ಸೇರಿಸಬೇಡಿ. ಅಜ್ಜಿಯ ಮಾತು ಹಿಂದೆ ಒಮ್ಮೆ ಸರಿಯಾದ ಕಡೆ ಬಂದಿದ್ದರೆ ಓದುಗನಿಗೆ ನೆನಪಿರುತ್ತದೆ. ಬಂದಿರದಿದ್ದರೆ ಸರಿಪಡಿಸಬೇಕಾದದ್ದು ಆ ಹಿಂದಿನ ಜಾಗ.

ಹಂತ 8: ಹಳೆಯದು ಎಷ್ಟು, ಎಲ್ಲಿ

ಟಿಪ್ಪಣಿ ಹತ್ತು ಪುಟವಿದ್ದರೆ ಕಥೆಗೆ ನೇರವಾಗಿ ಒಂದು ಪುಟ ಹೋದರೆ ಹೆಚ್ಚು. ಫ್ಲ್ಯಾಶ್‌ಬ್ಯಾಕ್ ಬೇಕೇ ಬೇಕೆಂದರೆ ವರ್ತಮಾನದಲ್ಲಿ ಓದುಗನಿಗೆ ‘ಇವಳು ಹೀಗೇಕೆ?’ ಎಂಬ ಪ್ರಶ್ನೆ ಹುಟ್ಟಿದ ನಂತರ ಇಡಿ. ಅದಕ್ಕೂ ಮೊದಲು ಇಟ್ಟರೆ ಕೇಳದ ಪ್ರಶ್ನೆಗೆ ಉತ್ತರ ಕೊಟ್ಟಂತೆ. ಒಳಗೆ ಹೋಗುವ, ಹೊರಗೆ ಬರುವ ಎರಡೂ ಕಡೆ ಒಂದು ವಸ್ತುವನ್ನೋ ಶಬ್ದವನ್ನೋ ಹಿಡಿದುಕೊಳ್ಳಿ. ಒಂದೇ ಘಟನೆಯನ್ನು ಎಲ್ಲದಕ್ಕೂ ಕಾರಣ ಮಾಡಬೇಡಿ. ಒಂದು ರಾತ್ರಿಯ ಜಗಳದಿಂದ ಬದುಕೇ ತಿರುಗಿತು ಎಂಬುದಕ್ಕಿಂತ, ಮೂರು ವರ್ಷ ದಿನವೂ ನಡೆದ ಸಣ್ಣ ಸಂಗತಿ ಹೆಚ್ಚು ನಂಬಿಕೆ ಹುಟ್ಟಿಸುತ್ತದೆ. ಅಂಥದ್ದನ್ನು ‘ಆಗೆಲ್ಲ ಸಂಜೆ ಹೊತ್ತು’ ಎಂದು ರೂಢಿಯ ಧಾಟಿಯಲ್ಲಿ ನಾಲ್ಕು ಸಾಲಿನಲ್ಲಿ ಹೇಳಿದರೆ ಸಾಕು.

ಹಂತ 9: ಪಾತ್ರ ಬದಲಾದಾಗ ಮನೆ ಸುಮ್ಮನಿರುವುದಿಲ್ಲ

ಪಾತ್ರ ಒಂದು ದಿನ ಹಳೆಯ ಉಪಾಯ ಬಿಟ್ಟು ಬೇರೆ ಹೆಜ್ಜೆ ಇಡುತ್ತದೆ ಎಂದುಕೊಳ್ಳಿ. ಹಲವು ಕಥೆಗಳು ಅಲ್ಲಿ ಅಪ್ಪುಗೆ, ಕಣ್ಣೀರಿನೊಂದಿಗೆ ಮುಗಿಯುತ್ತವೆ. ನಿಜದಲ್ಲಿ ಒಬ್ಬರು ಬದಲಾದರೆ ಉಳಿದವರ ಜಾಗವೂ ಅಲುಗಾಡುತ್ತದೆ, ಅವರು ಹಳೆಯ ಸ್ಥಿತಿಗೆ ಎಳೆಯುತ್ತಾರೆ. ಎಳೆತ ಮೂರು ಮೆಟ್ಟಿಲಲ್ಲಿ ಬರುವಂತೆ ಬರೆಯಿರಿ: ಮೊದಲು ಆಕ್ಷೇಪ (‘ನೀನು ಹೀಗಿರಲಿಲ್ಲ’), ಆಮೇಲೆ ಒತ್ತಾಯ (‘ಮೊದಲಿನ ಹಾಗಿರು’), ಕೊನೆಗೆ ಬೆದರಿಕೆ (‘ಇರದಿದ್ದರೆ ನೋಡು’). ಬೆದರಿಕೆ ಗಟ್ಟಿದನಿಯಲ್ಲೇ ಬರಬೇಕಿಲ್ಲ. ತಾಯಿ ಔಷಧ ತೆಗೆದುಕೊಳ್ಳುವುದನ್ನು ನಿಲ್ಲಿಸಿದರೂ ಅದು ಬೆದರಿಕೆಯೇ.

ಹೆಜ್ಜೆ ಚಿಕ್ಕದಾಗಿರಲಿ. ಬಾಲ್ಯದ ಲೆಕ್ಕವನ್ನೆಲ್ಲ ಹೊರಹಾಕುವ ಎರಡು ಪುಟದ ಭಾಷಣ ಯಾರನ್ನೂ ಬದಲಿಸುವುದಿಲ್ಲ, ಪಾತ್ರವನ್ನೂ ಸೇರಿ. ನಮ್ಮ ತಂಗಿ ಅಣ್ಣನಿಗೆ ಫೋನ್ ಮಾಡಿ ‘ಮಂಗಳವಾರ, ಗುರುವಾರ ನೀನು ಬಾ. ನನ್ನ ಕೈ ಮುರಿದಿದೆ’ ಎಂದರೆ ಸಾಕು; ಅವಳ ಮಟ್ಟಿಗೆ ಅದು ದಂಗೆ. ಅಣ್ಣನ ಉತ್ತರವನ್ನು ಕಟುವಾಗಿ ಬರೆಯುವ ಮೊದಲು ಹಂತ 4ರಲ್ಲಿ ಅವನ ಬಾಯಿಂದ ಬರೆಸಿದ 150 ಪದಗಳನ್ನು ಮತ್ತೊಮ್ಮೆ ಓದಿ. ಅವನು ‘ಯಾವಾಗ? ನನಗೇಕೆ ಹೇಳಲಿಲ್ಲ?’ ಎಂದು ನಿಜವಾಗಿಯೂ ನೊಂದು ಕೇಳಬಹುದು. ಆಗ ಸಿಟ್ಟು ಮಾಡಿಕೊಳ್ಳಲು ಅವಳಿಗೆ ಯಾರೂ ಉಳಿಯುವುದಿಲ್ಲ. ಆ ಸ್ಥಿತಿಯಲ್ಲಿ ಅವಳು ಏನು ಹೇಳುತ್ತಾಳೆ ಎಂಬುದನ್ನು ಮುಂದಿನ ಸಾಲಿನಲ್ಲಿ ಬರೆಯಿರಿ.